ಅರಗು, ಲ್ಯಾಕರ್, ಪಿಯು: ನಮ್ಮ ಬದಿಯ ಮರಕ್ಕೆ ಯಾವುದು ಒಗ್ಗೀತು?

ಮೂರು ವರ್ಷದ ಹಿಂದಿನ ಆಷಾಢದಲ್ಲಿ ಕಾರವಾರದ ನಮ್ಮ ಮನೆಯ ಉಯ್ಯಾಲೆ ಮಣೆಗೆ ಲ್ಯಾಕರ್ ಹೊಡೆಸಿದೆ. ಶ್ರಾವಣಕ್ಕೆ ಮಗಳು, ಅಳಿಯ ಬರುವವರಿದ್ದರು. ಅಷ್ಟರೊಳಗೆ ಮಣೆ ಹೊಳೆಯಬೇಕು ಎಂಬ ಹಟ ನನ್ನದೇ. ಮಧ್ಯಾಹ್ನ ಸ್ಪ್ರೇ ಮುಗಿಯಿತು. ಚಹಾ ಕುಡಿದು ಬಂದು ನೋಡಿದರೆ ಸಾಗವಾನಿಯ ಮೇಲೆ ಅಕ್ಕಿ ತೊಳೆದ ನೀರು ಚೆಲ್ಲಿ ಒಣಗಿದ ಹಾಗೆ ಬೆಳ್ಳನೆಯ ಪೊರೆ. "ಏನಾಗೂದಿಲ್ಲ ಮಾಸ್ತರ್ರೆ, ಎರಡು ದಿನ ಬಿಟ್ರೆ ಹೋಗ್ತದೆ" ಎಂದ ಪಾಲಿಶ್‌ನವನು ಎರಡು ದಿನದ ನಂತರ ಫೋನ್ ಎತ್ತುವುದನ್ನೇ ಬಿಟ್ಟ. ಪೊರೆ ಹೋಗಲಿಲ್ಲ. ಅಳಿಯ ಬಂದವನು ಮಣೆಯ ಮೇಲೆ ಕೂತು, "ಮಾವ, ಇದಕ್ಕೆ ಸುಣ್ಣ ಬಳಿಸಿದ್ರಾ?" ಎಂದು ಕೇಳಿದ.

ತಪ್ಪು ತಿಂಗಳಿನದು. ಲ್ಯಾಕರಿನೊಳಗಿನ ಥಿನ್ನರ್ ಸರ್ರನೆ ಆರುತ್ತದೆ. ಅಂಗೈಗೆ ಸ್ಪಿರಿಟ್ ಸವರಿದರೆ ತಣ್ಣಗಾಗುತ್ತದಲ್ಲ, ಹಾಗೆಯೇ ಆರುವಾಗ ಮಣೆಯ ಮೈಯನ್ನೂ ತಣ್ಣಗೆ ಮಾಡುತ್ತದೆ. ಗಾಳಿಯ ತುಂಬ ಪಸೆ ಇರುವಾಗ ಆ ತಂಪಿಗೆ ನೀರಿನ ಕಣಗಳು ಬಂದು ಹಸಿ ಪೊರೆಯೊಳಗೆ ಸಿಕ್ಕಿಬೀಳುತ್ತವೆ. ಬಿಳುಪು ಎಂದರೆ ಆ ನೀರೇ. ಕಸುಬಿನವರು ಇದಕ್ಕೆ ಬ್ಲಶ್ ಎನ್ನುತ್ತಾರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ, ಅದೂ ಆಷಾಢದಲ್ಲಿ ಲ್ಯಾಕರ್ ಹೊಡೆಸಿದವನಿಗೆ ಇನ್ನೇನು ಸಿಕ್ಕೀತು?

ಡಿಸೆಂಬರಿನಲ್ಲಿ ಅಂಕೋಲೆ ಕಡೆಯ ಆಚಾರಿಯೊಬ್ಬರು ಬಂದರು. ನಿಧಾನ ಆರುವ ಥಿನ್ನರನ್ನು (ಅಂಗಡಿಯಲ್ಲಿ ರಿಟಾರ್ಡರ್ ಎಂದು ಕೇಳಬೇಕು) ತೆಳ್ಳಗೆ ಒಂದೇ ಸಲ ಸಿಂಪಡಿಸಿದರು. ಹತ್ತು ನಿಮಿಷದಲ್ಲಿ ಬಿಳುಪು ಮಾಯ. ಹಳೆಯ ಲ್ಯಾಕರ್ ಥಿನ್ನರಿಗೆ ಕರಗಿ, ಹಿಡಿದಿಟ್ಟ ನೀರನ್ನು ಬಿಟ್ಟುಕೊಟ್ಟು, ಮತ್ತೆ ಗಟ್ಟಿಯಾಯಿತು. ಅದೇ ಮಣೆಯ ಮೇಲೆ ಪಿಯು (ಪಾಲಿಯುರೆಥೇನ್, ಗಟ್ಟಿಯಾದ ಮೇಲೆ ಥಿನ್ನರಿಗೂ ಕರಗದ ಪಾಲಿಶ್) ಹಾಳಾಗಿದ್ದರೆ ಇಡೀ ಮಣೆಯನ್ನು ಮರ ಕಾಣುವ ತನಕ ತಿಕ್ಕಿ ಇಳಿಸಬೇಕಿತ್ತು. ಅಂದಿನಿಂದ ಯಾರು ಸಲಹೆ ಕೇಳಿದರೂ ನಾನು ಹೊಳಪಿನ ಮಾತೆತ್ತುವುದಿಲ್ಲ. ಯಾವ ತಿಂಗಳಲ್ಲಿ ಹಚ್ಚಿಸುತ್ತೀರಿ, ಕೆಟ್ಟರೆ ಸರಿ ಮಾಡುವುದು ಹೇಗೆ ಎಂದು ಕೇಳುತ್ತೇನೆ. ಕೆಳಗೆ ಬರೆದ ಹೋಲಿಕೆಯೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಒಂದೇ ಹೆಸರು, ಬೇರೆ ಬೇರೆ ಸರಕು

ಬಣ್ಣದಂಗಡಿಗೆ ಹೋಗಿ ಬರೀ "ಲ್ಯಾಕರ್ ಕೊಡಿ" ಎಂದರೆ ಯಾವುದು ಬಂದೀತು ಎಂದು ಹೇಳಲಾಗದು. ಒಂದೇ ಶಬ್ದ ಹೊತ್ತು ತಿರುಗುವ ವಸ್ತುಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಹೆಸರಿನ ಮೂಲ ನಮ್ಮ ಅರಗು, ಸಂಸ್ಕೃತದ ಲಾಕ್ಷಾ. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಅರಗು ಇದೇ. ಮುತ್ತುಗ, ಬೋರೆ, ಕುಸುಮದಂಥ ಮರಗಳ ಎಳೆ ಕೊಂಬೆಗೆ ಗುಂಪಾಗಿ ಅಂಟಿ ಕೂರುವ ಪುಟ್ಟ ಕೀಟವೊಂದು ತನ್ನ ಮೈಸುತ್ತ ಸುರಿಸಿಕೊಳ್ಳುವ ರಾಳ ಅದು. ಒಂದು ಕಿಲೋ ಅರಗಿಗೆ ಸುಮಾರು ಮೂರು ಲಕ್ಷ ಕೀಟಗಳು ಬೇಕೆಂದು ಲೆಕ್ಕ. ಲಕ್ಷ ಎಂಬುದಕ್ಕೂ ಲಾಕ್ಷಾ ಎಂಬುದಕ್ಕೂ ನಂಟು ಹೇಳುವವರು ಈ ಲೆಕ್ಕ ಕೇಳಿ ಹಿಗ್ಗುತ್ತಾರೆ. ದೇಶದಲ್ಲಿ ಹೆಚ್ಚಿನ ಅರಗು ಬರುವುದು ಜಾರ್ಖಂಡ್ ಕಡೆಯಿಂದ. ಅದರ ಸಂಶೋಧನೆಗೆಂದೇ ರಾಂಚಿ ಹತ್ತಿರದ ನಾಮ್‌ಕುಮ್‌ನಲ್ಲಿ 1924ರಲ್ಲಿ ಸಂಸ್ಥೆಯೊಂದು ಹುಟ್ಟಿತು. ಕರಗಿಸಿ ಸೋಸಿ ಹಪ್ಪಳದಂತೆ ಎಳೆದು ಒಡೆದ ಚೂರುಗಳಿಗೆ ಚಪಡಾ ಎನ್ನುತ್ತಾರೆ. ಅಜ್ಜನ ಕಾಲದ ಗ್ರಾಮಫೋನ್ ತಟ್ಟೆಗಳಲ್ಲಿ ಇದ್ದದ್ದೂ ಈ ಅರಗೇ. ಕೈಜಾರಿದರೆ ಬಳೆಯ ಹಾಗೆ ಒಡೆಯುತ್ತಿದ್ದುದು ಅದಕ್ಕೇ.

ಎರಡನೆಯದು ಚೀನಾ, ಜಪಾನುಗಳ ಲ್ಯಾಕರ್. ಅದರಲ್ಲಿ ಕೀಟವೂ ಇಲ್ಲ, ಅರಗೂ ಇಲ್ಲ. ಒಂದು ಮರದ ತೊಗಟೆ ಗೀರಿ ತೆಗೆದ ಸೊನೆ, ಜಪಾನಿನವರು ಉರುಶಿ ಎನ್ನುತ್ತಾರೆ. ನಮಗೆ ಇದರಲ್ಲಿ ಕುತೂಹಲ ಹುಟ್ಟಿಸುವ ಸಂಗತಿ ಒಂದಿದೆ. ಆ ಮರ ನಮ್ಮ ಗೇರಿನ ಕುಟುಂಬದ್ದು. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಕೈ ಬೊಬ್ಬೆ ಏಳುವುದೂ, ಕಾಡಿನಲ್ಲಿ ಹೊಲಗೇರಿನ ಸೊನೆ ತಾಗಿದವರು ವಾರಗಟ್ಟಲೆ ಮೈ ತುರಿಸಿಕೊಳ್ಳುವುದೂ, ಉರುಶಿ ಕಲಿಯುವ ಹುಡುಗರ ಮುಖ ಊದುವುದೂ ಒಂದೇ ಜಾತಿಯ ರಸಾಯನದಿಂದ. ಇನ್ನೂ ಸ್ವಾರಸ್ಯ ಎಂದರೆ ಉರುಶಿ ಒಣಗುವುದಕ್ಕೆ ತೇವ ಬೇಕು. ಶೇ. 70ರಿಂದ 85ರಷ್ಟು ಪಸೆಯಿರುವ ಬೆಚ್ಚನೆಯ ಕಪಾಟಿನಲ್ಲಿಟ್ಟರೆ ಮಾತ್ರ ಸೊನೆಯೊಳಗಿನ ಕಿಣ್ವ ಕೆಲಸ ಮಾಡಿ ಅದು ಗಟ್ಟಿಯಾಗುತ್ತದೆ. ನನ್ನ ಉಯ್ಯಾಲೆ ಮಣೆಯನ್ನು ಕೆಡಿಸಿದ ಆಷಾಢವೇ ಅದಕ್ಕೆ ಹಬ್ಬದ ಊಟ. ಆದರೆ ನಮ್ಮಲ್ಲಿ ಅದು ಸಿಗದು, ಹಚ್ಚುವ ಕೈಯೂ ಇಲ್ಲ. ಯಾರಾದರೂ ಜಪಾನಿನಿಂದ ಬಟ್ಟಲು ತಂದುಕೊಟ್ಟಿದ್ದರೆ ಬಿಸಿಲಿಗೆ ಇಡಬೇಡಿ. ಬಿಸಿ ಸಾರನ್ನು ತಾಳುವ ಆ ಪೊರೆ ಬಿಸಿಲನ್ನು ಮಾತ್ರ ತಾಳದು.

ಮೂರನೆಯದು ಇಂದು ಅಂಗಡಿಯವನು ಲ್ಯಾಕರ್ ಎಂದು ಕೊಡುವ ಡಬ್ಬಿ, ಎನ್‌ಸಿ. ಪೂರ್ತಿ ಹೆಸರು ನೈಟ್ರೋಸೆಲ್ಯುಲೋಸ್. ಹತ್ತಿಯಂಥ ನಾರನ್ನು ಆಮ್ಲದಲ್ಲಿ ಅದ್ದಿ ಮಾಡಿದ ವಸ್ತು, ಸಿಡಿಮದ್ದಿನ ದಾಯಾದಿ. 1923ರಲ್ಲಿ ಡ್ಯುಪಾಂಟ್ ಕಂಪನಿ ಡ್ಯೂಕೋ ಎಂಬ ಹೆಸರಿನಲ್ಲಿ ಕಾರುಗಳಿಗೆಂದು ಇದನ್ನು ತಂದಿತು. ವಾರಗಟ್ಟಲೆ ಒಣಗಬೇಕಿದ್ದ ಕಾರಿನ ಬಣ್ಣ ಗಂಟೆಗಳ ಲೆಕ್ಕಕ್ಕೆ ಇಳಿಯಿತು. ನಮ್ಮ ಪೇಂಟರುಗಳು ಕಪಾಟಿಗೆ ಹೊಡೆಯುವ ಗಟ್ಟಿ ಬಣ್ಣವನ್ನು ಈಗಲೂ 'ಡ್ಯೂಕೋ' ಎನ್ನುವುದು ಅದರ ಉಳಿಕೆ. ಇದಲ್ಲದೆ ಮೆಲಮೈನ್, ಪಿಯು ಎಂಬ ಎರಡು ಡಬ್ಬಿಗಳಿವೆ. ಅವನ್ನೂ ಕೆಲವರು ಲ್ಯಾಕರ್ ಎಂದೇ ಕರೆಯುತ್ತಾರೆ. ಎನ್‌ಸಿ ಬರೀ ಆರಿ ಒಣಗುವಂಥದ್ದು. ಇವೆರಡು ಒಳಗೊಳಗೇ ಬೆಸೆದುಕೊಂಡು ಗಟ್ಟಿಯಾಗುತ್ತವೆ, ಆಮೇಲೆ ಥಿನ್ನರಿಗೂ ಕರಗವು. ಮುಂದೆ ರಿಪೇರಿ ಸುಲಭವೋ ಕಷ್ಟವೋ ಎಂಬುದು ಇಲ್ಲೇ ನಿಶ್ಚಯವಾಗಿಬಿಡುತ್ತದೆ.

ತೊಟ್ಟಿಲು, ಆಟಿಕೆ

ಅರಗನ್ನು ಮರಕ್ಕೆ ಹತ್ತಿಸಲು ಎರಡು ದಾರಿ. ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯಿಂದ ಸವರುವುದು ಒಂದು, ಅದನ್ನು ಆಮೇಲೆ ಹೇಳುತ್ತೇನೆ. ಇನ್ನೊಂದು ಚನ್ನಪಟ್ಟಣದ ದಾರಿ. ಆಲೆ ಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲಿಂದ ಕೇದಿಗೆಯ ಗರಿಯಿಂದ ಉಜ್ಜಿದರೆ ಹೊಳಪು. ಥಿನ್ನರ್ ಇಲ್ಲ, ವಾಸನೆ ಇಲ್ಲ, ಒಣಗಲು ಕಾಯುವುದೂ ಇಲ್ಲ, ಹಾಗಾಗಿ ಮಳೆಗಾಲವೂ ಅಡ್ಡಿಯಲ್ಲ. ನಮ್ಮ ಹಳ್ಳ, ಕೋಡಿಗಳ ಬದಿಯಲ್ಲಿ ಕೇದಿಗೆ ಬೇಕಾದಷ್ಟು ಬೆಳೆದು ನಿಂತಿದೆ. ಗಣಪತಿಗೆ ಏರಿಸುವುದು ಬಿಟ್ಟರೆ ಅದರಿಂದ ನಮಗೆ ಬೇರೆ ಕೆಲಸವಿಲ್ಲ.

ಮಿತಿಯೂ ಆ ಲೇತಿನಲ್ಲೇ ಇದೆ. ತಿರುಗುವ ದುಂಡು ವಸ್ತುವಿಗೆ ಮಾತ್ರ ಈ ಅರಗು ಬರುತ್ತದೆ: ಬುಗುರಿ, ಗಿಲಕಿ, ಕುಂಕುಮದ ಭರಣಿ, ತೊಟ್ಟಿಲಿನ ಕಾಲು. ಚಪ್ಪಟೆ ಹಲಗೆಗೆ ಬಾರದು. ತೊಟ್ಟಿಲೆಂದರೆ ನಮ್ಮ ಯಲ್ಲಾಪುರದವರಿಗೆ ಮೊದಲು ನೆನಪಾಗುವುದು ಹುಬ್ಬಳ್ಳಿ ದಾರಿಯ ಕಲಘಟಗಿ. ಅರಗಿನ ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ಅಂಥ ಹಳೆಯ ತೊಟ್ಟಿಲು ನಿಮ್ಮ ಮೆತ್ತಿಯ ಮೇಲೆ ಮಲಗಿದ್ದರೆ ಅದಕ್ಕೆ ಪಿಯು, ಮೆಲಮೈನ್ ಎಂದು ಹೊಸದೇನನ್ನೂ ಹೊಡೆಸಬೇಡಿ. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಉಜ್ಜಿದರೆ ಬಣ್ಣ ಏಳುತ್ತದೆ. ಹತ್ತಿಪ್ಪತ್ತು ವರ್ಷದ ಮಸಿಯ ಕೆಳಗೆ ಕೆಂಪು ಕೆಂಪಾಗಿಯೇ ಕುಳಿತಿರುತ್ತದೆ.

ಮಗುವಿನ ಬಾಯಿಗೆ ಹೋಗುವ ಆಟಿಕೆಗೆ ನನ್ನ ಆಯ್ಕೆ ಅರಗೇ, ಎರಡನೆಯ ಮಾತಿಲ್ಲ. ಶುದ್ಧ ಅರಗನ್ನು ಮಾತ್ರೆಗಳ ಮೇಲೆ, ಮಿಠಾಯಿಯ ಮೇಲೆ ಹೊಳಪಿಗೆ ಹಚ್ಚುತ್ತಾರೆ. ತಿನಿಸಿನ ಪಟ್ಟಿಯಲ್ಲಿ ಅದರ ಸಂಖ್ಯೆ ಇ 904. ಅರಗಿಗೆ ಬೆರೆಸಿದ ಬಣ್ಣ ಯಾವುದು ಎಂಬುದನ್ನು ಮಾತ್ರ ಮಾರುವವರನ್ನು ಕೇಳಿಯೇ ಕೊಳ್ಳಬೇಕು. ಶಿರಸಿಯ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಪ್ರತಿ ಜಾತ್ರೆಯಲ್ಲೂ ಮೊಮ್ಮಕ್ಕಳಿಗೆ ಬಣ್ಣದ ಆಟಿಕೆ ಕೊಳ್ಳುವುದು ನಮ್ಮಲ್ಲಿ ರೂಢಿ. ಅಲ್ಲಿ ಅರಗಿನದೂ ಇರುತ್ತದೆ, ಎನಾಮಲ್ ಬಳಿದದ್ದೂ ಇರುತ್ತದೆ. ಬೆಳಕಿಗೆ ಹಿಡಿದು ನೋಡಿ. ಎನಾಮಲ್ ಬಣ್ಣದಲ್ಲಿ ಕುಂಚದ ಗೆರೆಯೋ, ಮೂಲೆಯಲ್ಲಿ ಇಳಿದು ಹೆಪ್ಪುಗಟ್ಟಿದ ಹನಿಯೋ ಕಾಣುತ್ತದೆ. ಲೇತಿನ ಅರಗಿನಲ್ಲಿ ಅಡ್ಡಡ್ಡ ಉಂಗುರದಂಥ ನಯವಾದ ಗೆರೆಗಳು. ಮನೆಗೆ ತಂದ ಮೇಲೆ ಸಂಶಯವಿದ್ದರೆ ಅಡಿಭಾಗಕ್ಕೆ ಹತ್ತಿಯಲ್ಲಿ ಸ್ಪಿರಿಟ್ ಹಚ್ಚಿ ಅರ್ಧ ನಿಮಿಷ ಒತ್ತಿ. ಅರಗಾದರೆ ಜಿಗುಟಾಗಿ ಬಣ್ಣ ಹತ್ತಿಗೆ ಬರುತ್ತದೆ.

ಈ ಪರೀಕ್ಷೆ ಮನೆಯ ಯಾವ ಹಳೆ ಸಾಮಾನಿಗೂ ಆದೀತು. ಕಾಣದ ಜಾಗದಲ್ಲಿ ಮೊದಲು ಸ್ಪಿರಿಟ್. ಕರಗಿದರೆ ಅರಗಿನ ಪಾಲಿಶ್. ಕರಗದಿದ್ದರೆ ಥಿನ್ನರ್. ಆಗ ಕರಗಿದರೆ ಎನ್‌ಸಿ. ಎರಡಕ್ಕೂ ಜಪ್ಪಯ್ಯ ಎನ್ನದಿದ್ದರೆ ಮೆಲಮೈನ್ ಅಥವಾ ಪಿಯು. ಯಾವುದರ ಮೇಲೆ ಯಾವುದನ್ನು ಹಚ್ಚುತ್ತಿದ್ದೇವೆಂದು ಗೊತ್ತಿಲ್ಲದೆ ಹಚ್ಚಿಸಿ ಕೆಟ್ಟವರೇ ಹೆಚ್ಚು. ಕೊರೊನಾ ಕಾಲದಲ್ಲಿ ನಾವು ಮಾಸ್ತರುಗಳು ಶಾಲೆಯ ಹಳೇ ಮೇಜನ್ನು ದಿನಾ ಸ್ಯಾನಿಟೈಸರಿನಿಂದ ಒರೆಸಿ ಒರೆಸಿ ಪಾಲಿಶನ್ನೇ ಎಬ್ಬಿಸಿಬಿಟ್ಟೆವು. ಸ್ಯಾನಿಟೈಸರ್ ಎಂದರೂ ಸ್ಪಿರಿಟ್ಟೇ ಎಂದು ಯಾರಿಗೂ ಹೊಳೆದಿರಲಿಲ್ಲ. ಅರಗಿನ ಆಟಿಕೆಗೂ ಅದು ಶತ್ರು.

ಒಳಮನೆಯ ಸಾಮಾನು

ಸ್ಪಿರಿಟ್ ಪಾಲಿಶ್, ಎನ್‌ಸಿ, ಮೆಲಮೈನ್. ಕುರ್ಚಿ, ಕಪಾಟು, ದೇವರ ಮಂಟಪ, ಊಟದ ಮೇಜಿಗೆ ನಿಜವಾದ ಆಯ್ಕೆ ಈ ಮೂರರ ನಡುವೆ.

ಸ್ಪಿರಿಟ್ ಪಾಲಿಶನ್ನು (ಫ್ರೆಂಚ್ ಪಾಲಿಶ್ ಎನ್ನುವುದೂ ಇದನ್ನೇ) ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಲೀಟರ್ ಸ್ಪಿರಿಟಿಗೆ ಸುಮಾರು 200 ಗ್ರಾಂ ಚಪಡಾ ಹಾಕಿ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಕರಗಿರುತ್ತದೆ. ಕಬ್ಬಿಣದ ಡಬ್ಬಿ ಬೇಡ, ಅರಗು ಕಪ್ಪಾಗುತ್ತದೆ. ಹತ್ತಿಯ ಉಂಡೆಯನ್ನು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ತೆಳ್ಳಗೆ, ಮತ್ತೆ ಮತ್ತೆ ಸವರಬೇಕು. ಅರ್ಧ ಗಂಟೆಗೊಂದು ಕೋಟು. ಈ ಕೆಲಸದಲ್ಲಿ ದುಡ್ಡಿಗಿಂತ ಕೈ ನೋಯುವುದೇ ಹೆಚ್ಚು. ಕರಗಿಸಿದ ಪಾಲಿಶ್ ಹಳತಾದಷ್ಟೂ ಒಣಗುವ ಶಕ್ತಿ ಕಳೆದುಕೊಳ್ಳುತ್ತದೆ. ಕಳೆದ ವರ್ಷದ ಬಾಟಲಿ ಉಳಿದಿದ್ದರೆ ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡಿ, ಮರುದಿನವೂ ಅಂಟುತ್ತಿದ್ದರೆ ಚೆಲ್ಲಿಬಿಡಿ.

ಅರಗಿನ ಪಾಲಿಶ್ ಕೊಡುವ ಬಣ್ಣ ಬೇರಾವುದಕ್ಕೂ ಇಲ್ಲ. ಸಾಗವಾನಿಗೆ ಜೇನಿನ ಛಾಯೆ ಬರುತ್ತದೆ, ಬೀಟೆಗೆ ಆಳ ಬರುತ್ತದೆ. ಆದರೆ ಬಿಸಿಗೆ ಹೆದರುವ ಜೀವ ಅದು. 75–80 ಡಿಗ್ರಿಗೆ ಮೆತ್ತಗಾಗುತ್ತದೆ. ನಾಗರಪಂಚಮಿಯ ದಿನ ಯಾರೋ ಇಳಿಸಿದ ಕಡುಬಿನ ಪಾತ್ರೆ ನಮ್ಮ ಹಳೇ ಮೇಜಿನ ಮೇಲೆ ಹುಣ್ಣಿಮೆ ಚಂದ್ರನಂಥ ಬಿಳಿ ಉಂಗುರ ಬಿಟ್ಟಿತ್ತು. ನೀರು ನಿಂತರೂ ಅದೇ ಉಂಗುರ. ರಿಪೇರಿ ಮಾತ್ರ ಎರಡು ನಿಮಿಷದ್ದು: ಉಂಡೆಗೆ ಸ್ಪಿರಿಟ್ ತಾಗಿಸಿ, ಹೆಚ್ಚಾದದ್ದನ್ನು ಹಿಂಡಿ, ಉಂಗುರದ ಮೇಲೆ ನಿಲ್ಲಿಸದೆ ಹಗುರಾಗಿ ಆಡಿಸಿದೆ. ಹೋಯಿತು. ಮುಂದಿನ ಪಂಚಮಿಗೆ ಮತ್ತೆ ಬಂತು ಎನ್ನುವುದು ಬೇರೆ ಮಾತು.

ಹಾಗಾಗಿ ಊಟದ ಮೇಜಿಗೆ ನಾನು ಮೆಲಮೈನ್ ಎನ್ನುತ್ತೇನೆ. ಬಿಸಿ, ಸಾರು, ಅರಿಶಿನ, ಎಣ್ಣೆಗಳನ್ನು ಎನ್‌ಸಿಗಿಂತ ಚೆನ್ನಾಗಿ ತಡೆಯುತ್ತದೆ, ಪಿಯುಗಿಂತ ಅಗ್ಗ. ಹಚ್ಚುವಾಗ ಬೆರೆಸುವ ಹಾರ್ಡ್‌ನರ್ (ಪಾಲಿಶನ್ನು ಗಟ್ಟಿಯಾಗಿಸುವ ದ್ರವ) ಡಬ್ಬಿಯ ಮೇಲೆ ಬರೆದ ಅಳತೆಗೆ ಸರಿಯಾಗಿರಬೇಕು. ಬೇಗ ಒಣಗಲಿ ಎಂದು ಜಾಸ್ತಿ ಸುರಿದರೆ ಒಂದು ಬೇಸಿಗೆಯೊಳಗೆ ಕೆರೆಯಂಗಳ ಒಡೆದ ಹಾಗೆ ಬಿರುಕು ಬಿಡುತ್ತದೆ. ಹೊಸದರಲ್ಲಿ ಕಣ್ಣುರಿಸುವ ವಾಸನೆ ಫಾರ್ಮಾಲ್ಡಿಹೈಡಿನದು, ಕಿಟಕಿ ತೆರೆದಿಟ್ಟು ಕೆಲವು ದಿನ ಬಿಡಬೇಕು. ಅದೇ ಕಾರಣಕ್ಕೆ ಬಟ್ಟೆ ಇಡುವ ಕಪಾಟಿನ ಒಳಮೈಗೆ ಮೆಲಮೈನ್ ಬೇಡ. ವಾಸನೆ ಹೋಗಲು ದಾರಿಯಿಲ್ಲದೆ ರೇಷ್ಮೆ ಸೀರೆಗೆ ಇಳಿಯುತ್ತದೆ. ಒಳಮೈಗೆ ಎಣ್ಣೆಯನ್ನೂ ಹಚ್ಚಿಸಬೇಡಿ, ನಮ್ಮ ಮಳೆಗಾಲದಲ್ಲಿ ಮುಚ್ಚಿದ ಕಪಾಟಿನ ಎಣ್ಣೆಯೆಂದರೆ ಬೂಷ್ಟಿಗೆ ಔತಣ. ಅಲ್ಲಿಗೆ ಎರಡು ಕೋಟು ಸ್ಪಿರಿಟ್ ಪಾಲಿಶ್ ಸಾಕು. ಸ್ಪಿರಿಟ್ ಆರಿದ ಮೇಲೆ ಯಾವ ವಾಸನೆಯೂ ಉಳಿಯುವುದಿಲ್ಲ.

ಎನ್‌ಸಿ ಈ ಎರಡರ ನಡುವಿನದು. ಹತ್ತು ಹದಿನೈದು ನಿಮಿಷಕ್ಕೆ ಕೈಗೆ ಅಂಟದಷ್ಟು ಒಣಗುವುದರಿಂದ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ, ಧೂಳು ಕೂರಲು ಸಮಯವೇ ಸಿಗುವುದಿಲ್ಲ. ಕುರ್ಚಿ, ಉಯ್ಯಾಲೆ, ಫೋಟೋ ಚೌಕಟ್ಟಿಗೆ ಒಳ್ಳೆಯದು. ಕಾಲಕ್ರಮೇಣ ಹಳದಿಗೆ ತಿರುಗುತ್ತದೆ. ಸಾಗವಾನಿಯ ಮೇಲೆ ಅದು ಕಾಣದು, ಬಿಳಿ ಮರದ ಮೇಲೆ ಕಾಣುತ್ತದೆ. ಒಂದು ಎಚ್ಚರಿಕೆ: ಹೊಡೆಸುವ ದಿನ ಆ ಕೋಣೆಯಲ್ಲಿ ದೇವರ ದೀಪ ಉರಿಯುತ್ತಿರಬಾರದು, ಪಕ್ಕದಲ್ಲಿ ಒಲೆ ಇರಬಾರದು. ಥಿನ್ನರಿನ ಹಬೆ ನೆಲದ ಮೇಲೆ ಹರಿದುಹೋಗಿ ದೂರದ ಬೆಂಕಿಗೂ ಹತ್ತಿಕೊಳ್ಳುತ್ತದೆ.

ಬೀಟೆಯ ಸಾಮಾನಿದ್ದವರಿಗೆ ಇನ್ನೊಂದು ಮಾತು. ಬೀಟೆಯೊಳಗಿನ ಸಹಜ ಎಣ್ಣೆ, ರಾಳಗಳು ಎಣ್ಣೆ ವಾರ್ನಿಷನ್ನೂ ಪಿಯುವನ್ನೂ ಒಣಗಲು ಬಿಡುವುದಿಲ್ಲ, ವಾರ ಕಳೆದರೂ ಅಂಟು ಅಂಟು. ಮೊದಲು ಒಂದು ತೆಳ್ಳನೆಯ ಅರಗಿನ ಕೋಟು ಹಾಕಿದರೆ ಎಣ್ಣೆ ಕೆಳಗೇ ಉಳಿಯುತ್ತದೆ. ಆದರೆ ಸಾಧಾರಣ ಚಪಡಾದಲ್ಲಿ ಮೇಣದ ಅಂಶವಿರುತ್ತದೆ, ಅದರ ಮೇಲೆ ಪಿಯು ಹಿಡಿಯದೆ ಸಿಪ್ಪೆ ಏಳುತ್ತದೆ. ಮೇಣ ತೆಗೆದ ಅರಗನ್ನೇ ಕೇಳಿ ತರಬೇಕು.

ಮುಂಬಾಗಿಲು

ಅತಿ ಹೆಚ್ಚು ದುಡ್ಡು ಹೋಗುವುದೂ, ಅತಿ ಹೆಚ್ಚು ಪಶ್ಚಾತ್ತಾಪ ಬರುವುದೂ ಇಲ್ಲಿ.

ಕೋಡಿಬಾಗದ ಕಡೆ ಪಡುವಣಕ್ಕೆ ಮುಖ ಮಾಡಿದ ಬಾಗಿಲುಗಳನ್ನು ನೋಡಿ. ಮಧ್ಯಾಹ್ನದಿಂದ ಸಂಜೆಯ ತನಕ ನೇರ ಬಿಸಿಲು, ಜೂನ್ ಬಂದರೆ ಅಡ್ಡಮಳೆ, ವರ್ಷವಿಡೀ ಉಪ್ಪುಗಾಳಿ. ಅರಗು, ಎನ್‌ಸಿ, ಮೆಲಮೈನ್ ಮೂರೂ ಇಲ್ಲಿ ಸೋಲುತ್ತವೆ. ಉಳಿಯುವುದು ಹೊರಾಂಗಣಕ್ಕೆಂದೇ ಮಾಡಿದ ಪಿಯು, ಇಲ್ಲವೇ ಎಣ್ಣೆ.

ಪಿಯು ಗಟ್ಟಿ. ನೀರು, ಗೀರು, ಬಿಸಿ ಎಲ್ಲವನ್ನೂ ತಡೆಯುತ್ತದೆ. ಎರಡು ಡಬ್ಬಿ ಬೆರೆಸುವ ಪಿಯುವಿನ ಪೂರ್ತಿ ಗಟ್ಟಿತನ ಬರಲು ಒಂದು ವಾರ ಬೇಕು. ಅದರ ಹಾರ್ಡ್‌ನರ್ ನೀರಿನ ಪಸೆಯನ್ನು ಕಂಡರೆ ಹಾರಿಬಿದ್ದು ಬೆರೆಯುತ್ತದೆ, ಆಗ ಹುಟ್ಟುವ ಗಾಳಿ ಪೊರೆಯಲ್ಲಿ ಗುಳ್ಳೆಗಳಾಗಿ ನಿಲ್ಲುತ್ತದೆ. ಎಂದರೆ ಇದಕ್ಕೂ ಮಳೆಗಾಲ ಆಗದು. ಅದರ ಹಬೆ ಉಸಿರಿಗೆ ಕೆಟ್ಟದ್ದು, ದಮ್ಮಿನ ತೊಂದರೆಯಿದ್ದವರು ಸ್ಪ್ರೇ ಮಾಡುವ ದಿನ ಮನೆಯಲ್ಲಿ ಇರಲೇಬಾರದು. ಕೆಲಸದವರಿಗೆ ಸರಿಯಾದ ಮಾಸ್ಕ್ ಇದೆಯೇ ಎಂದು ಮನೆಯ ಯಜಮಾನರೇ ವಿಚಾರಿಸಬೇಕು, ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಲದು.

ಇಷ್ಟಾಗಿ ಪಿಯು ಸೋಲುವುದು ನಡುವಿನಲ್ಲಿ ಅಲ್ಲ, ಅಂಚಿನಲ್ಲಿ. ಬಾಗಿಲಿನ ಅಡಿಯಂಚು, ಮೇಲಂಚಿಗೆ ಯಾರೂ ಬ್ರಷ್ ತಾಗಿಸುವುದಿಲ್ಲ. ಕೀಲು ಬಿಚ್ಚಿ ಬಾಗಿಲು ಇಳಿಸಬೇಕಲ್ಲ, ಸೋಮಾರಿತನ. ಕಡಿದ ಮರದ ತುದಿ ನೀರು ಹೀರುವುದು ಬತ್ತಿಯ ಹಾಗೆ. ನೀರು ಒಳಹೊಕ್ಕು ಪೊರೆಯ ಕೆಳಗೆ ಕಪ್ಪಾಗಿ ಹರಡುತ್ತದೆ, ಬಿಸಿಲಿಗೆ ಪೊರೆ ಹಾವಿನ ಪೊರೆಯಂತೆ ಏಳುತ್ತದೆ. ಆಗ ತೇಪೆ ಹಾಕಲಾಗದು, ಇಡೀ ಬಾಗಿಲು ತಿಕ್ಕಬೇಕು. ಕರಾರು ಮಾಡುವಾಗಲೇ "ಬಾಗಿಲು ಇಳಿಸಿ ಆರೂ ಮೈಗೆ ಹಚ್ಚಬೇಕು" ಎಂದು ಹೇಳಿಬಿಡಿ. ಮುಖ ಸಣ್ಣ ಮಾಡಿದವರಿಗೆ ಕೆಲಸ ಕೊಡಬೇಡಿ.

ಎಣ್ಣೆಗೆ ಹೊಳಪಿಲ್ಲ, ಬಿಂಕವೂ ಇಲ್ಲ. ಬಣ್ಣದಂಗಡಿಯ ಅಗಸೆ ಎಣ್ಣೆಯನ್ನು (ಕಾಯಿಸಿದ್ದು, ಅಂದರೆ ಬಾಯಿಲ್ಡ್ ಎಂದು ಡಬ್ಬಿಯ ಮೇಲೆ ಬರೆದದ್ದು, ಹಸಿಯದ್ದು ದಿನಗಟ್ಟಲೆ ಒಣಗದು) ಟರ್ಪೆಂಟೈನ್ ಸೇರಿಸಿ ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು, ಉಳಿದದ್ದನ್ನು ಒರೆಸಿ ತೆಗೆಯಬೇಕು. ಸಿಪ್ಪೆ ಏಳಲು ಪೊರೆಯೇ ಇಲ್ಲ. ಮಳೆಗಾಲ ಮುಗಿದ ಮೇಲೆ ಬಾಗಿಲು ಮಂಕಾಗಿ ಕಂಡರೆ ಒಂದು ಬೆಳಿಗ್ಗೆ ಕೂತು ಇನ್ನೊಂದು ಕೋಟು ಹಚ್ಚಿದರಾಯಿತು. ಪ್ರತಿ ವರ್ಷ ಹೀಗೆ ಕೂರುವ ಮನಸ್ಸು ನಿಮಗಿದ್ದರೆ ಪಡುವಣದ ಬಾಗಿಲಿಗೆ ಎಣ್ಣೆಯೇ ವಾಸಿ. ಇಲ್ಲದಿದ್ದರೆ, ಮುಂದೆ ಆಳವಾದ ಮಾಡು (ಚಾಚಿದ ಸೂರು) ಇದ್ದರೆ, ಪಿಯು. ಮಾಡೂ ಇಲ್ಲ, ಮನಸ್ಸೂ ಇಲ್ಲ ಎಂದಾದರೆ ಮೊದಲು ಮಾಡು ಇಳಿಸಿಕೊಳ್ಳಿ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಹೋಗಲು ದಾರಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳುವುದುಂಟು. ನೀರಿನಲ್ಲಿ ನೆನೆಸಿ, ಬಿಡಿಸಿ, ಅಂಗಳದಲ್ಲಿ ಹರವಬೇಕು.

ಘಟ್ಟದ ಮೇಲಿನ ಸಂಗತಿ ಬೇರೆ. ಶಿರಸಿಯ ಅಕ್ಕನ ಮನೆಯ ಪ್ರಧಾನ ಬಾಗಿಲು ಹಳೇ ಕೆತ್ತನೆಯದು. ಜಗಲಿಯೊಳಗೆ ಇರುವುದರಿಂದ ಹನಿ ಮಳೆ ಕಂಡಿಲ್ಲ. ಅದಕ್ಕಿರುವುದು ಥಂಡಿ, ಹೊಗೆ, ಹಬ್ಬಕ್ಕೊಮ್ಮೆ ಒರೆಸಿದ ಎಣ್ಣೆಯ ಮಸಿ. "ತಮಾ, ಪ್ಯಾಟೆ ಮನೆ ಬಾಗ್ಲೆಲ್ಲ ಕನ್ನಡಿ ಹಾಂಗೆ ಹೊಳೀತು, ಯಮ್ಮನೇದು ನೋಡು" ಎಂದು ಅಕ್ಕ ಪಿಯುವಿಗೆ ದರ ವಿಚಾರಿಸಿಯೂ ಆಗಿತ್ತು. ನಾನು ತಡೆದೆ. ಕೆತ್ತನೆಯ ಸಂದಿನಲ್ಲಿ ಪಿಯು ಗಟ್ಟಿಯಾಗಿ ಕೂತರೆ ಮುಂದಿನ ತಲೆಮಾರು ಅದನ್ನು ತೆಗೆಯುವಾಗ ಎಲೆ, ಬಳ್ಳಿ, ಗಿಳಿಯ ಕೊಕ್ಕು ಎಲ್ಲವೂ ತಿಕ್ಕಿಹೋಗುತ್ತವೆ. ಟರ್ಪೆಂಟೈನ್ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ನಾವಿಬ್ಬರೂ ಎರಡು ದಿನ ಮಸಿ ತೆಗೆದೆವು. ಮೇಲೆ ಒಂದೇ ತೆಳು ಕೋಟು ಸ್ಪಿರಿಟ್ ಪಾಲಿಶ್. ಕನ್ನಡಿಯಾಗಲಿಲ್ಲ ಎಂದು ಅಕ್ಕನಿಗೆ ಈಗಲೂ ಸಣ್ಣ ಬೇಸರ ಇದೆ.

ಉಳಿದ ಚೂರುಪಾರು

ಕೊಟ್ಟಿಗೆಯ ಕಂಬ, ಬೇಲಿಯ ಗೂಟ, ಮಾಡಿನ ಪಕಾಸಿಗೆ ಈ ಯಾವ ಡಬ್ಬಿಯೂ ಬೇಡ. ಗೇರುಸಿಪ್ಪೆಯ ಎಣ್ಣೆ ಸಾಕು. ಕಪ್ಪಗೆ, ದಪ್ಪಗೆ, ಒರಲೆಗೆ ಕಹಿ. ಹಿಂದೆ ದೋಣಿಗಳಿಗೂ ಇದನ್ನೂ ಮೀನೆಣ್ಣೆಯನ್ನೂ ಬಳಿಯುತ್ತಿದ್ದರು. ಕೈಗವಸು ಹಾಕಿಯೇ ಮುಟ್ಟಿ, ಮೈ ತಾಗುವ ಕುರ್ಚಿ ಮಂಚಕ್ಕೆ ಎಂದೂ ಹಚ್ಚಬೇಡಿ. ಜಪಾನಿನವರು ಇದೇ ಎಣ್ಣೆಯನ್ನು ಸಂಸ್ಕರಿಸಿ ಉರುಶಿಗೆ ಬದಲಿಯಾಗುವ ಹೊಳಪಿನ ಬಣ್ಣ ಮಾಡಿಕೊಂಡಿದ್ದಾರೆ. ನಾವು ಇನ್ನೂ ಗೂಟಕ್ಕೇ ಬಳಿಯುತ್ತಿದ್ದೇವೆ.

ಗುಡಿಗಾರರ ಗಂಧದ ಕೆತ್ತನೆಗೆ ಏನನ್ನೂ ಹಚ್ಚಬೇಡಿ. ಪೊರೆ ಕೂತರೆ ಪರಿಮಳ ಅಲ್ಲಿಗೇ ಬಂದ್.

ಹಿತ್ತಾಳೆಗೂ ಲ್ಯಾಕರ್ ಉಂಟು. ಅಂಗಡಿಯಿಂದ ತಂದ ಹೊಸ ಹಿತ್ತಾಳೆ ಮೂರ್ತಿ ಸಮುದ್ರದ ಗಾಳಿಗೂ ತಿಂಗಳುಗಟ್ಟಲೆ ಕಪ್ಪಾಗದಿದ್ದರೆ ಅದರ ಮೇಲೆ ಪಾರದರ್ಶಕ ಲ್ಯಾಕರಿನ ಪೊರೆ ಇದೆ ಎಂದೇ ಅರ್ಥ. ಶೋಕೇಸಿನ ಮೂರ್ತಿಗೆ, ಬಾಗಿಲಿನ ಹಿಡಿಗೆ ಅದು ಸರಿ. ಅಂಥದನ್ನು ಹುಣಸೆಹಣ್ಣು, ವಾಟೆಹುಳಿ ಹಾಕಿ ತಿಕ್ಕಿದರೆ ಪೊರೆ ಅಲ್ಲಲ್ಲಿ ಹರಿದು, ಹರಿದ ಕಡೆ ಮಾತ್ರ ಕಪ್ಪಾಗಿ, ತೊನ್ನು ಹತ್ತಿದ ಹಾಗೆ ಕಾಣುತ್ತದೆ. ಉರಿಯುವ ದೀಪಕ್ಕಂತೂ ಲ್ಯಾಕರ್ ಬೇಡವೇ ಬೇಡ. ಬಿಸಿಗೆ ಪೊರೆ ಕಂದುತ್ತದೆ. ಲ್ಯಾಕರ್ ಇರುವ ದೀಪ ಕೊಂಡಿದ್ದರೆ ಹಚ್ಚುವ ಮೊದಲೇ ಥಿನ್ನರಿನಿಂದ ಒರೆಸಿ ತೆಗೆದು, ಸೋಪಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ.

ತಿಂಗಳಿನ ಲೆಕ್ಕ ನನ್ನದು ಹೀಗೆ: ದೀಪಾವಳಿ ಕಳೆದು, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹತ್ತು ಗಂಟೆಯಿಂದ ಮಧ್ಯಾಹ್ನ ಮೂರರೊಳಗೆ. ಹೋಳಿಹುಣ್ಣಿಮೆಯ ತನಕ ಈ ಕಾಲ ಸಿಗುತ್ತದೆ. ಅದಕ್ಕೆ ಮೊದಲು ಮರವೇ ಒಣಗಿರಬೇಕು. ಮಳೆಗಾಲದ ಮರ ನೀರು ಕುಡಿದು ಉಬ್ಬಿರುತ್ತದೆ, ನವೆಂಬರಿನಲ್ಲಿ ಒಂದೆರಡು ವಾರ ಗಾಳಿಯಾಡಲು ಬಿಟ್ಟು ಕೆಲಸಕ್ಕೆ ಕರೆಯಿರಿ. ಇಡೀ ಸಾಮಾನಿಗೆ ಹಚ್ಚಿಸುವ ಮುಂಚೆ ಅದೇ ಮರದ ಒಂದು ತುಂಡಿಗೆ ಹಚ್ಚಿಸಿ, ಮೇಲೆ ಬಿಸಿ ಚಹಾದ ಲೋಟ ಇಟ್ಟು ಒಂದು ರಾತ್ರಿ ಬಿಡಿ. ಪಾಲಿಶ್‌ನವರ ವಿವರಣೆಗಿಂತ ಆ ತುಂಡು ಹೆಚ್ಚು ಮಾತಾಡುತ್ತದೆ.

ಕೆಲಸ ಮುಗಿದ ದಿನ ಸಾಮಾನಿನ ಅಡಿಗೆ, ಕಾಣದಲ್ಲಿ, ಯಾವ ಡಬ್ಬಿ, ಎಷ್ಟು ಕೋಟು, ಯಾವ ತಿಂಗಳು ಎಂದು ಪೆನ್ಸಿಲಿನಲ್ಲಿ ಬರೆದಿಡಿ. ನಮ್ಮ ಉಯ್ಯಾಲೆ ಮಣೆ ತಿರುವಿದರೆ ಈಗ ಎರಡು ಸಾಲು ಸಿಗುತ್ತವೆ. ಮೊದಲನೆಯದು ನನ್ನ ಅಕ್ಷರ: "ಎನ್‌ಸಿ, ಮೂರು ಕೋಟು, ಡಿಸೆಂಬರ್‌ನಲ್ಲಿ ಸರಿ ಮಾಡಿದ್ದು." ಅದರ ಕೆಳಗೆ ಅಳಿಯನದು: "ಆಷಾಢದಲ್ಲಿ ಸುಣ್ಣ."